ಬಾಗಿನದಲ್ಲಿ ಇಟ್ಟ ಮಾತ್ರೆ

ಬೋರ್ಡಿನ ಮೇಲೆ ಜಠರದ ಚಿತ್ರ ಬರೆಯುವುದರಲ್ಲಿ ನನ್ನನ್ನು ಮೀರಿಸುವ ಮೇಷ್ಟ್ರು ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಇಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಸೀಮೆಸುಣ್ಣ ಎತ್ತದೆ ಒಂದೇ ಗೆರೆಯಲ್ಲಿ ಅನ್ನನಾಳದಿಂದ ಇಳಿದು, ಚೀಲ ತಿರುಗಿಸಿ, ಸಣ್ಣ ಕರುಳಿಗೆ ತಂದು ಮುಟ್ಟಿಸುತ್ತಿದ್ದೆ. ಆಮೇಲೆ ಮಕ್ಕಳ ಕಡೆ ತಿರುಗಿ, "ಈ ಚೀಲದೊಳಗೆ ಇರೋದು ಆಮ್ಲ. ತಿಂದಿದ್ದನ್ನೆಲ್ಲ ಕರಗಿಸೋ ಆಮ್ಲ. ಅದು ನಮ್ಮ ಹೊಟ್ಟೆಯನ್ನೇ ಯಾಕೆ ತಿನ್ನಲ್ಲ, ಹೇಳಿ ನೋಡೋಣ?" ಎಂದು ಕೇಳುತ್ತಿದ್ದೆ. ಯಾರೂ ಹೇಳುತ್ತಿರಲಿಲ್ಲ. ಹೇಳದಿದ್ದರೇ ನನಗೆ ಖುಷಿ. "ಒಳಗಡೆ ಲೋಳೆಯ ಒಂದು ತೆಳು ಪದರ ಇದೆ ಕಣ್ರಪ್ಪಾ, ಅದು ಕಾಯುತ್ತೆ" ಎಂದು ಬಣ್ಣದ ಸೀಮೆಸುಣ್ಣದಲ್ಲಿ ಆ ಪದರ ಬರೆದು ಕೈ ಕೊಡವಿಕೊಳ್ಳುತ್ತಿದ್ದೆ.

ಇಪ್ಪತ್ತೆರಡು ವರ್ಷ ಹೀಗೆ ಪಾಠ ಮಾಡಿದವನು ನಾನು. ಅದೇ ಪದರವನ್ನು ನನ್ನ ಒಡಹುಟ್ಟಿದ ಅಕ್ಕನ ಹೊಟ್ಟೆಯಲ್ಲಿ ಕೈಯಾರೆ ಹಾಳುಮಾಡಿದವನೂ ನಾನೇ. ಬರೆಯಲು ನಾಚಿಕೆಯಾಗುತ್ತದೆ. ಬಾಯಿಬಿಟ್ಟು ಹೇಳುವುದಕ್ಕಿಂತ ಇದೇ ವಾಸಿ ಅನ್ನಿಸಿ ಬರೆಯುತ್ತಿದ್ದೇನೆ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಹೊಳೆನರಸೀಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅಲ್ಲಿಂದಾಚೆ ನನ್ನ ತಲೆ ಬಾಚಿದ್ದು, ಮೂಗು ಒರೆಸಿದ್ದು, ಬೆನ್ನಿಗೆ ಗುದ್ದಿದ್ದು ಎಲ್ಲ ಅಕ್ಕನೇ. ಎರಡು ವರ್ಷ ಬಿಟ್ಟು ಅವಳನ್ನು ದುದ್ದದ ಕಡೆ ಒಂದು ಹಳ್ಳಿಗೆ ಮದುವೆ ಮಾಡಿ ಕೊಟ್ಟರು. ತಮ್ಮನನ್ನು ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದು, ಗಂಡನ ಮನೆಗೆ ನನ್ನನ್ನೂ ಕರೆದುಕೊಂಡೇ ಹೋದಳು. "ಬ್ಯಾರೆ ಎಣ್ಮಕ್ಳು ತವರಿಂದ ಅಸ ಒಡ್ಕಂಡ್ ಬತ್ತಾರೆ, ನಮ್ಮೋಳು ತಮ್ಮನ್ನ ಒಡ್ಕಂಡ್ ಬಂದ್ಲು" ಎಂದು ಭಾವ ಈಗಲೂ ತಮಾಷೆ ಮಾಡುತ್ತಾರೆ. ಆ ಮನೆಯ ಮುದ್ದೆ ಉಂಡು ನಾನು ಬಿ.ಎಡ್ ಮುಗಿಸಿದೆ, ಕೆಲಸ ಹಿಡಿದೆ, ಚನ್ನರಾಯಪಟ್ಟಣದಲ್ಲಿ ಮನೆ ಮಾಡಿದೆ. ಅಪ್ಪನೂ ಹೋದ ಮೇಲೆ ಅಕ್ಕನಿಗೆ ತವರು ಅಂತ ಉಳಿದದ್ದು ನಾನೊಬ್ಬನೇ.

ಅಕ್ಕನ ಮಂಡಿ ಹಾಳಾದದ್ದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಎರಡು ಸೀಮೆಹಸು, ದಿನಕ್ಕೆ ಎರಡು ಸಲ ಕುಕ್ಕರುಗಾಲಲ್ಲಿ ಕೂತು ಕರೆಯುವುದು, ಕ್ಯಾನು ಹಿಡಿದು ಡೈರಿಗೆ ನಡೆಯುವುದು, ಹುಲ್ಲಿನ ಹೊರೆ. ಐವತ್ತೈದು ದಾಟಿದ ಮೇಲೆ ಕೂತರೆ ಏಳಲಾರದೆ, ಎದ್ದರೆ ಕೂರಲಾರದೆ ಒದ್ದಾಡುತ್ತಿದ್ದಳು. ಒಂದು ಭಾನುವಾರ ನಾನು ಹೋದಾಗ ಗೋಡೆ ಹಿಡಿದು ಕೊಟ್ಟಿಗೆಯಿಂದ ಬರುತ್ತಿದ್ದಳು. ನನ್ನ ಜೇಬಿನಲ್ಲಿ ಮಾತ್ರೆ ಇತ್ತು. ನಿಂತು ಪಾಠ ಮಾಡಿ ಮಾಡಿ ನನಗೂ ಸೊಂಟನೋವು. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಸ್ಟೋರಿನಲ್ಲಿ, ಡಾಕ್ಟರ ಚೀಟಿ ಗೀಟಿ ಏನೂ ಇಲ್ಲದೆ ಕೊಳ್ಳುತ್ತಿದ್ದ ನೋವಿನ ಮಾತ್ರೆ. ಹಾಳೆಯಿಂದ ಎರಡು ಮುರಿದು ಅವಳ ಕೈಗೆ ಹಾಕಿದೆ.

ಮರುದಿನ ಬೆಳಿಗ್ಗೆಯೇ ಫೋನು. "ಲೋ, ಅದೇನ್ ಮಾತ್ರೆ ಕೊಟ್ಟೋದ್ಯೋ ಮಾರಾಯಾ! ಕೂತ್ಕಂಡು ಆಲು ಕರ್ದೆ ಕಣ್ಲಾ! ಗ್ವಾಡೆ ಇಡೀದೆ ಎದ್ದೆ!"

ಆ ದನಿಯಲ್ಲಿದ್ದ ಸಂತೋಷ ನನ್ನ ತಲೆಗೇರಿತು. ನನ್ನನ್ನು ಸಾಕಿ ಬೆಳೆಸಿದವಳ ಋಣವನ್ನು ಅಂಗೈಯಲ್ಲಿ ಹಿಡಿಯುವ ಒಂದು ಹಾಳೆ ಮಾತ್ರೆಯಲ್ಲಿ ತೀರಿಸಿಬಿಟ್ಟೆ ಅನ್ನುವಂಥ ಅಮಲು ಅದು. ಮುಂದಿನ ವಾರ ಒಂದು ಪೂರ್ತಿ ಹಾಳೆ ಕೊಂಡುಹೋದೆ. ಹಾಗೆ ಶುರುವಾದದ್ದು ಎರಡು ವರ್ಷ ನಡೆಯಿತು.

ಮೆಡಿಕಲ್ ಸ್ಟೋರಿನವರು ಮೊದಲನೇ ದಿನವೇ ಹೇಳಿದ್ದರು. "ಮೇಷ್ಟ್ರೇ, ಇದು ಖಾಲಿ ಹೊಟ್ಟೇಲಿ ತಗೋಬಾರ್ದು. ದಿನಾ ತಗೊಳೋ ಅಂಥದ್ದೂ ಅಲ್ಲ. ವಯಸ್ಸಾದೋರಿಗಾದ್ರೆ ಡಾಕ್ಟ್ರನ್ನ ಕೇಳಿ ಕೊಡಿ, ಹೊಟ್ಟೆ ಸುಟ್ಟುಬಿಡುತ್ತೆ."

"ನಾನು ಸೈನ್ಸ್ ಮೇಷ್ಟ್ರು ಕಣ್ರೀ. ನನಗೇ ಹೊಟ್ಟೆ ಪಾಠ ಮಾಡ್ತೀರಾ?" ಎಂದೆ. ಅವರು ನಕ್ಕು ಸುಮ್ಮನಾದರು. ಪಾಪ, ಅಂಗಡಿಯಲ್ಲಿ ಕೂತು ಗಿರಾಕಿ ಜೊತೆ ಎಷ್ಟು ಅಂತ ವಾದ ಮಾಡಿಯಾರು.

ಇನ್ನೊಂದು ಮಾತಿದೆ, ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಆ ಮಾತ್ರೆ ನನ್ನ ಹೊಟ್ಟೆಯನ್ನೂ ಸುಟ್ಟಿತ್ತು. ಒಂದು ವಾರ ಎದೆಯುರಿ, ಹುಳಿತೇಗು ಅಂತ ಒದ್ದಾಡಿ, ಹೊಟ್ಟೆ ಕಾಯುವ ಕ್ಯಾಪ್ಸೂಲ್ ಒಂದನ್ನು ಅದೇ ಅಂಗಡಿಯಲ್ಲಿ ಕೊಂಡು, ಬೆಳಿಗ್ಗೆ ಎದ್ದ ಕೂಡಲೇ ನುಂಗುವ ಅಭ್ಯಾಸ ಮಾಡಿಕೊಂಡಿದ್ದೆ. ನನಗೆ ಮಾತ್ರ. ಅಕ್ಕನಿಗೆ ಅದನ್ನು ಕೊಂಡುಹೋಗಬೇಕು ಎಂದು ಒಂದು ದಿನವೂ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. "ಅವಳದ್ದು ಮುದ್ದೆ ಅರಗಿಸೋ ಹೊಟ್ಟೆ, ಅವಳಿಗೇನಾಗುತ್ತೆ" ಎಂದುಕೊಂಡು ಬಿಟ್ಟಿದ್ದೆ. ಮುದ್ದೆ ಅರಗಿಸುವ ಹೊಟ್ಟೆಗೂ ಒಳಗೆ ಇರುವುದು ಅದೇ ಲೋಳೆಯ ಪದರ, ಅಷ್ಟೇ ತೆಳುವಾದದ್ದು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಬೇರೆಯವರನ್ನು ಆಡಿಕೊಳ್ಳುವುದರಲ್ಲಿ ನಾನು ಮುಂದು.

ಅವಳು ಮಾತ್ರೆ ನುಂಗುತ್ತಿದ್ದ ಹೊತ್ತೂ ನನಗೆ ಗೊತ್ತಿತ್ತು. ನೋವಿದ್ದ ದಿನ ಬೆಳಿಗ್ಗೆ ಐದೂವರೆಗೆ, ಹಾಲು ಕರೆಯುವ ಮುಂಚೆ. ಇಲ್ಲದಿದ್ದರೆ ಕೂರಲು ಆಗುತ್ತಿರಲಿಲ್ಲ. ಆಮೇಲೆ ಡೈರಿ, ಕಸ, ಸ್ನಾನ, ದೇವರ ದೀಪ. ದೀಪ ಹಚ್ಚದೆ ಅವಳು ಬಾಯಿಗೆ ಏನೂ ಹಾಕುವವಳಲ್ಲ. ಮಾತ್ರೆ ಮಾತ್ರ ಹೋಗುತ್ತಿತ್ತು, ಜೊತೆಗೆ ಒಂದು ಲೋಟ ಕರಿ ಕಾಫಿ. ಕರೆದ ಹಾಲು ಡೈರಿಗೆ ಹೋಗುವವರೆಗೂ ಕಾಫಿಗೆ ಹಾಲು ತೆಗೆಯುವುದು ಆ ಮನೆಯ ಪದ್ಧತಿಯಲ್ಲ. ಹತ್ತು ಗಂಟೆಯವರೆಗೆ ಆ ಮಾತ್ರೆ, ಆ ಕಾಫಿ, ಬರಿ ಹೊಟ್ಟೆ.

ಅಕ್ಕನ ಮಗಳು ಹಾಸನದ ಗಾರ್ಮೆಂಟ್ಸಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಹುಷಾರಿನ ಹೆಣ್ಣು. ನನಗೆ ಎಷ್ಟು ಸಲ ಹೇಳಿದಳೋ. "ಮಾವ, ನಾನು ರಜ ಕೇಳಿದ್ರೆ ಕೊಡಲ್ಲ. ನೀನೇ ಒಂದ್ಸಲ ಅವ್ವನ್ನ ಹಾಸನಕ್ಕೆ ಕರ್ಕೊಂಡೋಗಿ ಮೂಳೆ ಡಾಕ್ಟ್ರಿಗೆ ತೋರ್ಸು. ಅಪ್ಪಂಗೆ ಅಲ್ಲೆಲ್ಲ ಗೊತ್ತಾಗಲ್ಲ." ಬೇಸಿಗೆ ರಜೆಯಲ್ಲಿ ಖಂಡಿತ ಎಂದೆ. ಬೇಸಿಗೆಯಲ್ಲಿ ಮೌಲ್ಯಮಾಪನದ ಡ್ಯೂಟಿ ಬಂತು. ದಸರಾಕ್ಕೆ ಖಂಡಿತ ಎಂದೆ. ದಸರಾದಲ್ಲಿ ಅರಕಲಗೂಡಿನಲ್ಲಿ ಜೊತೆ ಮೇಷ್ಟ್ರ ಮನೆ ಗೃಹಪ್ರವೇಶ. ಇನ್ನೊಂದು ಸಲ ದಿನವೇ ಗೊತ್ತುಮಾಡಿದ್ದೆ. ಆ ದಿನ ಸ್ನೇಹಿತರು ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಹೊರಟರು, ಕಾರಿನಲ್ಲಿ ಒಂದು ಸೀಟು ಇದೆ ಎಂದರು. ಶ್ರುತಿ ಯಾವುದು ತಾಳ ಯಾವುದು ಅಂತ ತಿಳಿಯದ ನಾನು ಮುಂದಿನ ಸಾಲಿನಲ್ಲಿ ಕೂತು ತಲೆದೂಗಿ ಬಂದೆ. ಅಕ್ಕ ಹೊಸ ಸೀರೆ ಉಟ್ಟು ಜಗಲಿಯ ಮೇಲೆ ಕಾದು ಕೂತಿದ್ದಳಂತೆ. ಅಕ್ಕನ ಮಗಳು ಫೋನಿನಲ್ಲಿ ನನ್ನ ನೀರಿಳಿಸಿದಳು. ನನಗೆ ಸಿಟ್ಟು ಬಂತು, ನಾನು ಎತ್ತಿ ಆಡಿಸಿದ ಹುಡುಗಿ ನನಗೆ ಹೇಳುವುದೇ ಎಂದು. ಮುಂದಿನ ಭಾನುವಾರ ಎರಡು ಹಾಳೆ ಮಾತ್ರೆ ಕೊಟ್ಟು, "ಇದನ್ನೂ ಮಗಳಿಗೆ, ಭಾವನಿಗೆ ತೋರಿಸಬೇಡ. ಸುಮ್ನೆ ಕೂಗಾಡ್ತಾರೆ" ಎಂದು ಅಕ್ಕನಿಗೆ ಹೇಳಿದೆ. ಅಕ್ಕ ಹಾಳೆಗಳನ್ನು ತನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡಳು.

ಅಲ್ಲಿಂದಾಚೆ ನನ್ನ ಭೇಟಿಗಳಿಗೆ ಒಂದು ಕ್ರಮ ಬಂತು. ಶನಿವಾರ ಸ್ಕೂಲು ಬಿಟ್ಟ ಮೇಲೆ ಫೋನು ಮಾಡುತ್ತಿದ್ದೆ. "ಅಕ್ಕ, ಮಾತ್ರೆ ಇದೆಯಾ?" ಇದೆ ಎಂದರೆ, ಹಾಗಾದರೆ ಮುಂದಿನ ವಾರ ಬರುತ್ತೇನೆ ಎಂದು ಇಟ್ಟುಬಿಡುತ್ತಿದ್ದೆ. ಖಾಲಿ ಎಂದರೆ ಭಾನುವಾರ ಬೈಕ್ ಹತ್ತುತ್ತಿದ್ದೆ. ಶಾಂತಿಗ್ರಾಮದವರೆಗೆ ಹೆದ್ದಾರಿ, ಆಮೇಲೆ ಒಳದಾರಿ. ಹೋಗಿ ಮಾತ್ರೆ ಕೊಟ್ಟು, ಉಂಡು, ಒಂದು ನಿದ್ದೆ ತೆಗೆದು, ತೆಂಗಿನಕಾಯಿ ಚೀಲ ಕಟ್ಟಿಕೊಂಡು ವಾಪಸ್ಸು. ಮಾತ್ರೆ ಬೇಗ ಬೇಗ ಖಾಲಿಯಾಗುತ್ತಿದೆ ಎಂಬುದು ನನ್ನ ಗಮನಕ್ಕೆ ಬಂದಿತ್ತು. ನೋವು ಜಾಸ್ತಿಯಾಗಿರಬೇಕು ಎಂದುಕೊಂಡೆ, ಇನ್ನೊಂದು ಹಾಳೆ ಸೇರಿಸಿದೆ.

ಹೋದ ವರ್ಷದ ಗೌರಿ ಹಬ್ಬ ಬಂತು. ತವರಿನವರು ಹೆಣ್ಣುಮಕ್ಕಳಿಗೆ ಬಾಗಿನ ಕೊಡುವುದು ನಮ್ಮಲ್ಲಿ ಬಿಡುವಂತಿಲ್ಲದ ಪದ್ಧತಿ. ಎರಡು ಹೊಸ ಮೊರ, ಒಳಗೆ ಅರಿಶಿನ ಕುಂಕುಮ, ಬಳೆ, ಬಾಚಣಿಗೆ, ರವಿಕೆ ಕಣ, ಅಕ್ಕಿ ಬೇಳೆ ಬೆಲ್ಲ. ಎಲ್ಲ ಜೋಡಿಸಿದ ಮೇಲೆ ನನಗೊಂದು ತಮಾಷೆ ಹೊಳೆಯಿತು. ರವಿಕೆ ಕಣದ ಮಡಿಕೆಯೊಳಗೆ ನಾಲ್ಕು ಹಾಳೆ ಮಾತ್ರೆ ಇಟ್ಟೆ.

ಅಕ್ಕ ಬಾಗಿನ ತೆಗೆದುಕೊಳ್ಳುವಾಗ ಕಣ ತಡವಿ ನೋಡಿದಳು. ಒಳಗೆ ಏನಿದೆ ಅಂತ ಗೊತ್ತಾಗಿ ನನ್ನ ಮುಖ ನೋಡಿ ನಕ್ಕಳು. ಆಮೇಲೆ, ದೇವರ ಪ್ರಸಾದವನ್ನು ಒತ್ತಿಕೊಳ್ಳುವ ಹಾಗೆ, ಆ ಕಣವನ್ನು ಮಾತ್ರೆ ಸಮೇತ ಕಣ್ಣಿಗೆ ಒತ್ತಿಕೊಂಡಳು. ತವರಿನ ಬಾಗಿನದಲ್ಲಿ ಬಂದದ್ದನ್ನು ಹೆಣ್ಣುಮಕ್ಕಳು ಬೇಡ ಅನ್ನುವುದಿಲ್ಲ, ಎಸೆಯುವುದಿಲ್ಲ, ಇನ್ನೊಬ್ಬರ ಮುಂದೆ ಅದರ ಹುಳುಕು ಆಡುವುದಿಲ್ಲ. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ತಮಾಷೆ ಮಾಡಿದ್ದೆ.

ಅಂದು ಅವಳು ಪೂಜೆ ಮುಗಿಯುವವರೆಗೆ ಉಪವಾಸ. ಮುಖ ಬಿಳಿಚಿಕೊಂಡಿತ್ತು. ಊಟಕ್ಕೆ ಕೂತಾಗ ಎರಡು ತುತ್ತು ತಿಂದು ಎದ್ದಳು. ನಾನು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ಹಿಂದೆಯೇ ಬಂದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ಬೇರೆಲ್ಲೋ ನೋಡುತ್ತಾ ಹೇಳಿದಳು:

"ಒಟ್ಟೇಲಿ ಬೆಂಕಿ ಮಡಗ್ದಂಗೆ ಉರೀತದೆ ಕಣ್ಲಾ. ಆಮೇಕೆ... ಕಕ್ಕಸ್ಗೆ ಓದ್ರೆ ಕರ್ರಗ್ ಓಯ್ತದೆ. ಟಾರು ಇದ್ದಂಗೆ. ಏನಾರ ಆಗೈತೇನ್ಲಾ?"

ಹೆಂಗಸೊಬ್ಬಳು, ಅದರಲ್ಲೂ ನನ್ನ ಅಕ್ಕನಂಥವಳು, ಗಂಡಿಗೆ ಹೇಳುವ ಮಾತಲ್ಲ ಅದು. ಗಂಡನಿಗೆ ಹೇಳಿರಲಿಲ್ಲ, ಮಗಳಿಗೆ ಹೇಳಿರಲಿಲ್ಲ. ತಮ್ಮ ಓದಿದವನು, ಹೊಟ್ಟೆಯ ಪಾಠ ಮಾಡುವವನು ಎಂದು ನಾಚಿಕೆ ಬಿಟ್ಟು ನನಗೆ ಹೇಳಿದಳು. ನಾನು ಏನು ಹೇಳಿದೆ ಗೊತ್ತೆ? ಅವಳ ಅಡುಗೆಮನೆಯ ಕಲ್ಲಿನಲ್ಲಿ ಬೆಳಿಗ್ಗೆ ಹುಚ್ಚೆಳ್ಳು ಚಟ್ನಿ ಅರೆದದ್ದು ನೋಡಿದ್ದೆ. ಮಸಿಯಂಥ ಕಪ್ಪು ಚಟ್ನಿ. ನಮ್ಮ ಕಡೆ ಮುದ್ದೆ ಇದ್ದಲ್ಲಿ ಅದೂ ಇರುತ್ತದೆ.

"ಮೂರು ಹೊತ್ತೂ ಹುಚ್ಚೆಳ್ಳು ಚಟ್ನಿ ತಿಂದ್ರೆ ಇನ್ನೇನು ಬೆಳ್ಳಗೆ ಹೋಗುತ್ತಾ?" ಎಂದೆ. ಎಂದು ಜೋರಾಗಿ ನಕ್ಕೆ.

ಅವಳೂ ನಕ್ಕಳು. "ಊ ಕಣ, ಅದೂ ದಿಟವೇ" ಎಂದು ಒಳಗೆ ಹೋದಳು. ಅವಳು ಮತ್ತೆ ಆ ಮಾತೆತ್ತಲಿಲ್ಲ. ಕಪ್ಪಗೆ, ಟಾರಿನ ಹಾಗೆ ಹೋಗುವುದು ಎಂದರೆ ಹೊಟ್ಟೆಯೊಳಗೆ ರಕ್ತ ಸೋರಿ ಆಮ್ಲದಲ್ಲಿ ಬೆಂದು ಕಪ್ಪಾದದ್ದು. ಅದನ್ನು ನಾನು ಓದಿದ್ದೇನೆ. ನನ್ನ ಮನೆಯ ಕಪಾಟಿನಲ್ಲಿ ಆ ಪುಸ್ತಕ ಈಗಲೂ ಇದೆ.

ಎರಡು ವಾರ ಕಳೆದಿರಬೇಕು. ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳು ಸಾಲು ನಿಂತಿದ್ದಾಗ ಅಕ್ಕನ ಮಗಳ ಫೋನು. ಡೈರಿಯಲ್ಲಿ ಕ್ಯಾನು ಹಿಡಿದು ನಿಂತಿದ್ದ ಅಕ್ಕ ಹಾಗೇ ಕುಸಿದಳಂತೆ. ಬಾಯಿಂದ ಕಾಫಿಚರಟದಂಥದ್ದು ಬಂತಂತೆ. ಹಾಸನಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳ ಕೈಗೆ ಸೂಜಿ ಚುಚ್ಚಿ ರಕ್ತ ಏರಿಸುತ್ತಿದ್ದರು. ಮುಖ, ತುಟಿ, ಉಗುರು ಎಲ್ಲ ಸುಣ್ಣ ಬಳಿದ ಹಾಗಿತ್ತು. ನನ್ನನ್ನು ನೋಡಿದವಳೇ, "ಸ್ಕೂಲ್ ಬುಟ್ಬಂದಾ? ಯಾಕ್ಲಾ" ಎಂದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧವೂ ಇಲ್ಲ, ಒಳಗೆಲ್ಲೋ ಸೋರುತ್ತಿದೆ, ನಾಳೆ ಬೆಳಿಗ್ಗೆ ಕ್ಯಾಮೆರಾ ಇರುವ ಕೊಳವೆಯನ್ನು ಹೊಟ್ಟೆಗೆ ಬಿಟ್ಟು ನೋಡುತ್ತೇವೆ, ಅಲ್ಲಿಯವರೆಗೆ ಬಾಯಿಗೆ ನೀರು ಕೂಡ ಕೊಡಬೇಡಿ ಎಂದರು. ಆಮೇಲೆ ಕೇಳಿದರು: "ಮಂಡಿನೋವಿಗೋ ತಲೆನೋವಿಗೋ ಅಂತ ಅಂಗಡೀಲಿ ಮಾತ್ರೆ ತಗೊಂಡು ನುಂಗ್ತಿದ್ರಾ ಇವರು? ಸರಿಯಾಗಿ ಹೇಳಿ. ಅದರ ಮೇಲೆ ಚಿಕಿತ್ಸೆ ಮಾಡಬೇಕು."

ಭಾವ ತಲೆ ಅಲ್ಲಾಡಿಸಿದರು. "ನಮ್ಮನೇಲಿ ಯಾರೂ ಮಾತ್ರೆ ನುಂಗಲ್ಲ ಕಣವ್ವಾ." ಅಕ್ಕನ ಮಗಳು ತನಗೆ ಗೊತ್ತಿಲ್ಲ ಎಂದಳು. ಭಾವ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನಿನ್ಗೇನಾರ ಏಳಿದ್ಲಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ಜೇಬಿಗೆ ಹೋಯಿತು. ಅಲ್ಲಿ ನನ್ನ ಸೊಂಟನೋವಿನದ್ದು, ಅದೇ ಹಾಳೆ, ಅರ್ಧ ಖಾಲಿಯಾದದ್ದು ಕೂತಿತ್ತು. ಹೌದು ಎಂದು ಒಂದು ಮಾತು ಹೇಳಬೇಕಿತ್ತು. ಭಾವನ ಮನೆಯಲ್ಲಿ ಉಂಡು ಓದಿದವನು, ಆ ಮನೆಯ ಹೆಂಗಸಿಗೆ ಕದ್ದುಮುಚ್ಚಿ ಮಾತ್ರೆ ಕೊಟ್ಟೆ ಎಂದು ಅವರ ಮುಖ ನೋಡಿ ಹೇಳಲು ನಾಲಿಗೆ ಏಳಲಿಲ್ಲ.

ಅಷ್ಟರಲ್ಲಿ ಮಂಚದ ಮೇಲಿಂದ ಅಕ್ಕನ ದನಿ ಬಂತು. "ಯಾವ್ ಮಾತ್ರೆನೂ ಇಲ್ಲ ಕಣವ್ವಾ. ನಾ ಯಾವತ್ತೂ ನುಂಗ್ನಿಲ್ಲ."

ಹೇಳಿ ನನ್ನ ಕಡೆ ನೋಡಿದಳು. ಚಿಕ್ಕವನಿದ್ದಾಗ ನಾನು ಏನಾದರೂ ಒಡೆದು ಹಾಕಿದರೆ, ಅಪ್ಪ ಬರುವ ಮುಂಚೆ ಹೀಗೇ ನೋಡುತ್ತಿದ್ದಳು, ನೀನು ಸುಮ್ಮನಿರು, ನಾನು ನೋಡಿಕೊಳ್ಳುತ್ತೇನೆ ಎನ್ನುವ ಹಾಗೆ. ಆಗ ನನಗೆ ಐದು ವರ್ಷ. ಈಗ ನಲವತ್ತೇಳು. ಆಗಲೂ ಸುಮ್ಮನಿದ್ದೆ, ಈಗಲೂ ಸುಮ್ಮನಿದ್ದೆ. ಡಾಕ್ಟರು ಚೀಟಿಯ ಮೇಲೆ ಏನೋ ಬರೆದುಕೊಂಡು ಹೋದರು.

ಮಧ್ಯಾಹ್ನ ಭಾವ ಮತ್ತು ಮಗಳು ಊಟಕ್ಕೆಂದು ಕೆಳಗೆ ಹೋದರು. ನಾನು ಹಸಿವಿಲ್ಲ ಎಂದು ಉಳಿದೆ. ಅಕ್ಕ ಕಣ್ಣು ಬಿಟ್ಟು ಬಾಗಿಲ ಕಡೆ ನೋಡಿ, ತಲೆದಿಂಬಿನ ಪಕ್ಕದಲ್ಲಿದ್ದ, ತಾನು ಡೈರಿಗೆ ಒಯ್ಯುವ ಕೈಚೀಲ ಕೊಡು ಎಂದಳು. ಕೊಟ್ಟೆ. ಒಂದೇ ಕೈಯಲ್ಲಿ ತಡಕಾಡಿ ಗೌರಿ ಹಬ್ಬದ ಆ ರವಿಕೆ ಕಣ ಹೊರತೆಗೆದಳು. ಹೊಲಿಸಿರಲಿಲ್ಲ. ಮಡಿಕೆಯೊಳಗೆ ನನ್ನ ಮಾತ್ರೆ.

"ಮಂಡಿ ಸಿಡೀತಾ ಐತೆ ಕಣ್ಲಾ. ಒಂದ್ ಗುಟುಕು ನೀರು ಬಗ್ಸು. ಯಾರೂ ಇಲ್ಲ, ಬಿರ್ನೆ."

"ಬಾಯಿಗೆ ಏನೂ ಹಾಕಬಾರ್ದು ಅಂದಿದ್ದಾರಲ್ಲಕ್ಕ."

"ಅದು ಅವ್ರ್ ಮಾತ್ರೆಗೆ. ಇದು ನೀ ಕೊಟ್ಟಿದ್ದಲ್ವಾ? ಇದ್ರಿಂದ ಏನಾಯ್ತದೆ."

ನನ್ನ ಕೈ ಆಗಲೇ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿತ್ತು. ಅದು ನನಗೆ ಗೊತ್ತಾದದ್ದು ಮುಚ್ಚಳ ನೆಲಕ್ಕೆ ಬಿದ್ದು ಸದ್ದಾದಾಗ. ಒಂದು ಕಡೆ ಹನಿಹನಿಯಾಗಿ ಯಾರದೋ ರಕ್ತ ಅವಳ ಮೈಗೆ ಇಳಿಯುತ್ತಿದೆ. ಇನ್ನೊಂದು ಕಡೆ ಅವಳು ಅಂಗೈ ಮೇಲೆ ಮಾತ್ರೆ ಇಟ್ಟುಕೊಂಡು, ನನ್ನ ಮೇಲಿನ ನಂಬಿಕೆಯಿಂದ, ನೀರಿಗೆ ಕಾಯುತ್ತಿದ್ದಾಳೆ. ಅವಳು ಸುಳ್ಳು ಹೇಳಿದ್ದು ನನ್ನನ್ನು ಉಳಿಸಲು ಮಾತ್ರ. ಆ ಮಾತ್ರೆಯಿಂದಲೇ ಹೀಗಾಗಿದೆ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ತಮ್ಮ ಕೊಟ್ಟದ್ದರಿಂದ ಕೆಡುಕಾಗುತ್ತದೆ ಎಂದು ಅವಳಿಗೆ ಯಾರು ಹೇಳಬೇಕಿತ್ತು?

ಅವಳ ಅಂಗೈಯಿಂದ ಮಾತ್ರೆ ಕಿತ್ತುಕೊಂಡೆ. ಕಣ, ಹಾಳೆ ಎಲ್ಲ ಹಿಡಿದು ಹೊರಗೆ ನಡೆದೆ. "ಲೋ, ಎಲ್ಲಿಗ್ಲಾ? ಏಳ್ಬ್ಯಾಡ ಕಣೋ, ತವರಿನ್ ಮಾನ ಓಯ್ತದೆ" ಎಂದು ಅವಳು ಹಿಂದಿನಿಂದ ಇದ್ದಬದ್ದ ದನಿಯಲ್ಲಿ ಕೂಗುತ್ತಿದ್ದಳು.

ಡಾಕ್ಟರು ಕಾರಿಡಾರಿನ ಕೊನೆಯಲ್ಲಿ ನಿಂತಿದ್ದರು. ನಾನು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಭಾವ, ಅಕ್ಕನ ಮಗಳು ಮೆಟ್ಟಿಲು ಹತ್ತಿ ಬಂದರು. ಅವರು ಆಚೆ ಹೋಗಲಿ ಎಂದು ಒಂದು ಕ್ಷಣ ಕಾದೆ. ಆ ಕ್ಷಣವನ್ನೂ ಬರೆದಿಡುತ್ತೇನೆ. ಅವರು ಹೋಗಲಿಲ್ಲ. ಅವರ ಮುಂದೆಯೇ ಹಾಳೆಗಳನ್ನು ಡಾಕ್ಟರ ಕೈಗೆ ಕೊಟ್ಟೆ.

"ಎಷ್ಟು ದಿನದಿಂದ?"

"ಎರಡು ವರ್ಷ."

"ಊಟ ಮಾಡಿ ತಗೊಳ್ತಿದ್ರಾ?"

"ಇಲ್ಲ. ಬರೀ ಹೊಟ್ಟೇಲಿ."

"ಮೋಷನ್ ಕಪ್ಪಗೆ ಹೋಗ್ತಿತ್ತು ಅಂತ ಏನಾದ್ರೂ ಹೇಳಿದ್ರಾ?"

"ಹೇಳಿದ್ಲು. ನಾನು... ಚಟ್ನಿಯಿಂದ ಅಂದೆ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. "ಏನ್ ಕೆಲಸ ಮಾಡ್ತೀರಿ ನೀವು?"

"ಹೈಸ್ಕೂಲ್ ಮೇಷ್ಟ್ರು."

"ಯಾವ ಸಬ್ಜೆಕ್ಟು?"

ಆ ಕಾರಿಡಾರಿನಲ್ಲಿ ನಿಂತು ವಿಜ್ಞಾನ ಎಂದು ತಲೆತಗ್ಗಿಸಿ ಹೇಳಿದ ಹಾಗೆ ನಾನು ಜೀವನದಲ್ಲಿ ಇನ್ನೇನನ್ನೂ ಹೇಳಿಲ್ಲ. ಅವರು ಬಯ್ಯಲಿಲ್ಲ. "ಬೆಳಿಗ್ಗೇನೇ ಹೇಳಬೇಕಿತ್ತು" ಎಂದಷ್ಟೇ ಹೇಳಿ ಸಿಸ್ಟರನ್ನು ಕರೆದರು. ಅಕ್ಕನ ಮಗಳು ನನ್ನ ಕೈಯಿಂದ ರವಿಕೆ ಕಣ ಕಿತ್ತುಕೊಂಡು ವಾರ್ಡಿನೊಳಗೆ ಹೋದಳು. ಭಾವ ಹೆಗಲ ಟವಲಿನಿಂದ ಮುಖ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು. ಬಯ್ದರೆ ಬಯ್ಯಲಿ, ಹೊಡೆದರೂ ಹೊಡೆಯಲಿ ಎಂದು ನಿಂತಿದ್ದೆ.

"ನಲವತ್ ವರ್ಸ ಆಯ್ತು" ಎಂದರು ಭಾವ. "ಅವ್ಳು ನನ್ ಮುಂದೆ ಸುಳ್ಳಾಡಿದ್ದು ಇವತ್ತೇ ಮೊದ್ಲು ಕಣಪ್ಪ."

ಎಂದಿನ ಹಾಗೆ ಮೇಷ್ಟ್ರೇ ಅನ್ನಲಿಲ್ಲ.

ಮರುದಿನ ಕೊಳವೆ ಬಿಟ್ಟು ನೋಡಿದರು. ಜಠರದ ಗೋಡೆಯಲ್ಲಿ ಹುಣ್ಣು, ಅದರ ತಳದಲ್ಲಿ ಸೋರುತ್ತಿದ್ದ ರಕ್ತನಾಳ. ಅಲ್ಲೇ ಅದನ್ನು ಮುಚ್ಚಿದರು. ಡಾಕ್ಟರು ಪರದೆಯ ಮೇಲೆ ಆ ಚಿತ್ರ ನನಗೂ ತೋರಿಸಿದರು. ನಾನು ಅಷ್ಟು ವರ್ಷ ಬರೆದ ಚಿತ್ರದಲ್ಲಿ ಇಲ್ಲದ ಒಂದು ಗುಳಿ ಅಲ್ಲಿತ್ತು. ಇನ್ನು ಮೇಲೆ ಈ ಜಾತಿಯ ನೋವಿನ ಮಾತ್ರೆ ಯಾವುದನ್ನೂ ಅವರ ಹತ್ತಿರ ಸುಳಿಸಬೇಡಿ, ಮಂಡಿಯನ್ನು ಮೂಳೆ ಡಾಕ್ಟರಿಗೆ ತೋರಿಸಿ ಎಂದರು. ಮೂಳೆ ಡಾಕ್ಟರ ಕೋಣೆ ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿತ್ತು. ಅಕ್ಕ ಬಿಡುಗಡೆಯಾದ ದಿನ ಗಾಲಿಕುರ್ಚಿಯಲ್ಲಿ ಕೂರಿಸಿ ನಾನೇ ತಳ್ಳಿಕೊಂಡು ಹೋದೆ. ಎರಡು ವರ್ಷದಿಂದ ಆಗದ ಕೆಲಸ ಒಂದು ಗಂಟೆಯೊಳಗೆ ಮುಗಿಯಿತು. ಮಂಡಿಗೆ ವ್ಯಾಯಾಮ ಹೇಳಿಕೊಟ್ಟರು, ನೆಲದಲ್ಲಿ ಕೂರಬೇಡಿ ಎಂದರು, ಮಂಡಿಗೆ ಕಟ್ಟುವ ಪಟ್ಟಿ ಬರೆದುಕೊಟ್ಟರು. ಒಂದು ಹಸು ಮಾರಿದರು. ಇನ್ನೊಂದನ್ನು ಈಗ ಭಾವ ಕರೆಯುತ್ತಾರೆ, ಅದು ಅವರನ್ನು ವಾರಕ್ಕೊಂದು ಸಲವಾದರೂ ಒದೆಯುತ್ತದೆ.

ಅಕ್ಕ ಕೆಲವು ದಿನ ನನ್ನ ಮೇಲೆ ಮುನಿಸಿಕೊಂಡಿದ್ದಳು. ಮಾತ್ರೆ ಕೊಟ್ಟದ್ದಕ್ಕಲ್ಲ, ಅದನ್ನು ಭಾವನ ಮುಂದೆ ಹೇಳಿದ್ದಕ್ಕೆ.

ಅವರೆಕಾಯಿ ಕಾಲದಲ್ಲಿ ಒಂದು ದಿನ ಹೋದೆ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಕಾಯಿ ಬಿಡಿಸುತ್ತಿದ್ದಳು. ನಾನು ಬಾಗಿನಕ್ಕೆ ತಂದಿದ್ದ ಮೊರ. ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ಬಹಳ ದಿನದಿಂದ ನನ್ನನ್ನು ಕಾಡುತ್ತಿದ್ದ ಪ್ರಶ್ನೆಯನ್ನು ಆವತ್ತು ಕೇಳಿದೆ. "ಅಕ್ಕ, ನೋವಿದ್ದ ದಿನ ಒಂದು ತಗೋ ಅಂದಿದ್ದೆನಲ್ಲ. ಅಷ್ಟೊಂದು ಬೇಗ ಹೇಗೆ ಖಾಲಿಯಾಗುತ್ತಿತ್ತು? ಅಷ್ಟು ನೋವಿತ್ತಾ?"

"ಎಲ್ಲಾ ದಿನ ಎಲ್ ಇರ್ತದೆ ನೋವು" ಎಂದಳು. "ನೋವಿಲ್ದಿದ್ ದಿನಾನೂ ನುಂಗ್ತಿದ್ದೆ."

"ನೋವಿಲ್ಲದೆ ಯಾಕೆ ನುಂಗಿದೆ?"

ಅವಳು ತಲೆ ಎತ್ತಲಿಲ್ಲ, ಬೆರಳು ನಿಲ್ಲಿಸಲಿಲ್ಲ.

"ನೀ ಸನ್ವಾರ ಫೋನ್ ಮಾಡಿ ಮಾತ್ರೆ ಐತಾ ಅಂತ ಕೇಳ್ತಿದ್ದೆ. ಐತೆ ಅಂದ್ರೆ ನೀ ಬತ್ತಿರ್ನಿಲ್ಲ. ಖಾಲಿ ಅಂದ್ರೆ ಬತ್ತಿದ್ದೆ. ಮಾತ್ರೆ ಮಡಿಕ್ಕಂಡು ಖಾಲಿ ಅಂತ ಸುಳ್ಳಾಡಕ್ಕಾಯ್ತದೇನ್ಲಾ ನನ್ಗೆ? ಅದ್ಕೇ ನುಂಗಿ ಖಾಲಿ ಮಾಡ್ತಿದ್ದೆ."

ನಾನು ಅವಳ ಕಾಲಬುಡದಲ್ಲಿ ನೆಲಕ್ಕೆ ಕೂತೆ. ಮೊರದಿಂದ ಒಂದು ಕಾಯಿ ತೆಗೆದುಕೊಂಡೆ. ಅದರ ನಾರು ಎಲ್ಲಿದೆ ಎಂದು ಕಾಣಿಸಲಿಲ್ಲ.

"ಉಳ ಇರ್ತದೆ, ನೋಡ್ಕಂಡ್ ಬುಡ್ಸು" ಎಂದಳು ಅಕ್ಕ. ಮೊರವನ್ನು ನನ್ನ ಕಡೆ ವಾಲಿಸಿ, "ಮುಂದಿನ್ ವಾರ ಬತ್ತೀಯಾ?" ಎಂದು ಕೇಳಿದಳು.